ಬಾಯಿ ಕಟ್ಟದೆ ತೂಕ ಹತೋಟಿಯಲ್ಲಿಡುವುದು ಹೇಗೆ?

ಮೂರು ವಾರ ಬಾಯಿ ಕಟ್ಟಿ ನಾಲ್ಕು ಕೆ.ಜಿ. ಇಳಿಸುವುದು ಹೆಚ್ಚಿನವರಿಗೆ ಸಾಧ್ಯ. ಇಳಿದದ್ದನ್ನು ಮೂರು ವರ್ಷ ಉಳಿಸಿಕೊಳ್ಳುವುದೇ ಕಷ್ಟ. ಮನೋಬಲ ಕಡಿಮೆಯಾಗಿ ಹೀಗಾಗುತ್ತದೆ ಎಂದು ಜನ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ನಿಜವಾಗಿ ಸೋಲುವುದು ಅವರು ಹಿಡಿದ ದಾರಿ. ಹಾಗಾಗಿ ಊಟದಲ್ಲಿ ಏನೇ ಬದಲಾವಣೆ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ವರ್ಷ ಇದೇ ಹೊತ್ತಿಗೂ ನಾನು ಹೀಗೇ ತಿನ್ನುತ್ತಿರುತ್ತೇನೆಯೇ? ‘ಇಲ್ಲ’ ಎಂದು ಮನಸ್ಸು ಹೇಳಿದರೆ ಅದನ್ನು ಬಿಟ್ಟುಬಿಡಿ. ಅದಕ್ಕಿಂತ ಚಿಕ್ಕದಾದರೂ ಬಿಡದೆ ನಡೆಸಬಲ್ಲ ಇನ್ನೊಂದನ್ನು ಹಿಡಿಯಿರಿ.

ಅರೆಹೊಟ್ಟೆಯಲ್ಲಿ ಇರುವವರಿಗೆ ಏನಾಗುತ್ತದೆ ಎಂಬುದನ್ನು 1944–45ರಲ್ಲೇ ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ನೋಡಿದ್ದರು. ತಾವಾಗಿಯೇ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ತೀರಾ ಕಡಿಮೆ ಊಟ ಕೊಟ್ಟರು. ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಹಗಲಿರುಳೂ ತಲೆಯಲ್ಲಿ ಊಟದ್ದೇ ಯೋಚನೆ, ಸಿಡುಕು, ಮಂಕು, ಚಳಿ. ಊಟ ಮತ್ತೆ ಕೈಗೆ ಸಿಕ್ಕಾಗ ಅನೇಕರಿಗೆ ಎಷ್ಟು ತಿಂದರೂ ಸಾಲಲಿಲ್ಲ. ಕಠಿಣ ಪಥ್ಯದ ಬೆನ್ನಿಗೆ ಬರುವ ಅತಿಯಾದ ಹಸಿವು ದೇಹದ ಸಹಜ ಪ್ರತಿಕ್ರಿಯೆ. ಅದರೊಡನೆ ಹಟ ಹಿಡಿದು ಗೆಲ್ಲುವವರು ಕಡಿಮೆ.

ಯಾರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು 18 ವರ್ಷದೊಳಗಿನವರು ತಾವಾಗಿಯೇ ತೂಕ ಇಳಿಸಲು ಹೊರಡಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಅಥವಾ ರಕ್ತದ ಸಕ್ಕರೆ ತೀರಾ ಕೆಳಗಿಳಿಸಬಲ್ಲ ಮಾತ್ರೆ ನುಂಗುವವರು ಊಟ ಕಡಿಮೆ ಮಾಡುವ ಮೊದಲು ಔಷಧಿಯ ಪ್ರಮಾಣದ ಬಗ್ಗೆ ವೈದ್ಯರೊಡನೆ ಮಾತಾಡಲೇಬೇಕು. ಊಟ ಇಳಿದು ಔಷಧಿ ಹಾಗೇ ಉಳಿದರೆ ತಲೆಸುತ್ತು, ಬೆವರು, ಕೊನೆಗೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮುಂದೆ ಹೇಳುವ ಪ್ರೋಟೀನ್ ಲೆಕ್ಕ ಹೊಂದುವುದಿಲ್ಲ. ಹಿಂದೆ ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ತೂಗುವ, ಬರೆದಿಡುವ ಕ್ರಮಗಳಿಂದ ದೂರವಿರುವುದು ಒಳ್ಳೆಯದು. ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ಕಾಯಿಲೆಗಳ ಔಷಧಿಗಳೂ ತೂಕ ಏರಿಸುತ್ತವೆ. ಅಂಥವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಿ.

ಈಗ ಎಲ್ಲಿದ್ದೀರಿ, ಎಲ್ಲಿಗೆ ಹೋಗಬೇಕು

ಎರಡು ಅಳತೆ ಸಾಕು. ಒಂದು, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿಎಂಐ: ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 165 ಸೆಂ.ಮೀ. ಎತ್ತರ, 70 ಕೆ.ಜಿ. ತೂಕ ಇದ್ದರೆ 70 ÷ 1.65 ÷ 1.65 = 25.7. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ರಿಂದ 24.9 ಸರಿಯಾದ ಮಟ್ಟ. ಏಷ್ಯಾ ಮೂಲದವರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಇದಕ್ಕಿಂತ ಕಡಿಮೆ ಮಟ್ಟದಲ್ಲೇ ಏರತೊಡಗುವುದರಿಂದ ಅವರು 23 ದಾಟಿದಾಗಲೇ ಎಚ್ಚರಗೊಳ್ಳಬೇಕು.

ಎರಡನೆಯದು ಸೊಂಟದ ಸುತ್ತಳತೆ. ಇದಕ್ಕೆ ಬಿಎಂಐಗಿಂತ ಹೆಚ್ಚು ಬೆಲೆ ಕೊಡಿ ಎಂದೇ ನಮ್ಮ ಸಲಹೆ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಸೇರುವ ಕೊಬ್ಬೇ ಹೆಚ್ಚು ಕೇಡು ಮಾಡುವುದು, ತಕ್ಕಡಿಗೆ ಅದು ಕಾಣುವುದಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಚರ್ಮದ ಮೇಲೆ ಟೇಪ್ ಹಿಡಿದು, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಅಳೆಯಿರಿ. ಟೇಪ್ ಚರ್ಮವನ್ನು ಒತ್ತಬಾರದು, ಹೊಟ್ಟೆ ಒಳಗೆಳೆದುಕೊಳ್ಳಬಾರದು. ಪ್ಯಾಂಟಿನ ಅಳತೆಯನ್ನು ನಂಬಬೇಡಿ. ಪ್ಯಾಂಟ್ ಹೊಟ್ಟೆಯ ಕೆಳಗೆ ಕೂರುತ್ತದೆ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. 165 ಸೆಂ.ಮೀ. ಎತ್ತರದವರಿಗೆ ಆ ಗೆರೆ 82.5 ಸೆಂ.ಮೀ.

ಗುರಿ ದೊಡ್ಡದಾಗಿರಬೇಕಿಲ್ಲ. ಈಗಿರುವ ತೂಕದ ಶೇ. 5ರಷ್ಟು ಇಳಿದರೂ ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಸುಧಾರಿಸುವುದು ಕಾಣುತ್ತದೆ. 70 ಕೆ.ಜಿ. ಇದ್ದವರಿಗೆ ಅದು ಮೂರೂವರೆ ಕೆ.ಜಿ. ವಾರಕ್ಕೆ ಕಾಲಿನಿಂದ ಅರ್ಧ ಕೆ.ಜಿ.ಯಂತೆ ಎರಡರಿಂದ ನಾಲ್ಕು ತಿಂಗಳ ಕೆಲಸ. ಇದಕ್ಕಿಂತ ತುಂಬ ಬೇಗ ಇಳಿಸಲು ಹೋದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆಯೂ ಹೆಚ್ಚುತ್ತದೆ.

ಏನನ್ನೂ ಬದಲಿಸದೆ ಒಂದು ವಾರ ಬರೆದಿಡಿ

ಮೊದಲ ವಾರ ಊಟ ಈಗಿನಂತೆಯೇ ಇರಲಿ. ಒಂದು ಪುಟ್ಟ ಪುಸ್ತಕದಲ್ಲೋ ಫೋನಿನಲ್ಲೋ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಹೊತ್ತಿಗೆ, ಏನು, ಎಷ್ಟು, ಆಗ ನಿಜಕ್ಕೂ ಹಸಿದಿತ್ತೇ. ರಾತ್ರಿ ಕೂತು ನೆನಪಿಸಿಕೊಂಡು ಬರೆಯಬೇಡಿ, ತಿಂದ ಕೂಡಲೇ ಬರೆಯಿರಿ.

ಊಟಗಳನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ನಡುನಡುವೆ ಬಾಯಿಗೆ ಬಿದ್ದದ್ದು: ಅಡುಗೆ ಮಾಡುತ್ತ ನೋಡಿದ ರುಚಿ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಕಚೇರಿಯಲ್ಲಿ ಯಾರೋ ಕೊಟ್ಟ ಎರಡು ಬಿಸ್ಕತ್ತು, ಟೀ–ಕಾಫಿಯ ಸಕ್ಕರೆ, ಟಿ.ವಿ. ಮುಂದೆ ಕೈಯಾಡಿಸಿದ ಒಂದು ಹಿಡಿ ಕಡಲೆಕಾಯಿ. ಆ ಒಂದು ಹಿಡಿ, ಅಂದರೆ 30 ಗ್ರಾಂ, ಸುಮಾರು 170 ಕ್ಯಾಲೊರಿ. ‘ನಾನು ತಿನ್ನುವುದೇ ಕಡಿಮೆ, ಆದರೂ ತೂಕ ಏರುತ್ತದೆ’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ಊಟವನ್ನು ಮಾತ್ರ ಲೆಕ್ಕ ಹಿಡಿದಿರುತ್ತಾರೆ.

ಇದೇ ವಾರದಲ್ಲಿ ಒಮ್ಮೆ ಅಡುಗೆಮನೆಯ ತಕ್ಕಡಿ ಬಳಸಿ. ನೀವು ದಿನಾ ಬಡಿಸಿಕೊಳ್ಳುವ ಸೌಟು, ದಿನಾ ತಿನ್ನುವ ಬಟ್ಟಲು ಇವೆರಡನ್ನು ತೂಗಿ ನೋಡಿದರೆ ಸಾಕು. ಬೇಯಿಸಿದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ. ಒಂದು ಗ್ರಾಂ ಅಕ್ಕಿ ಬೆಂದು ಎರಡೂವರೆಯಿಂದ ಮೂರು ಗ್ರಾಂ ಅನ್ನವಾಗುತ್ತದೆ. ನಿಮ್ಮ ಸೌಟಿಗೆ 90 ಗ್ರಾಂ ಬರುತ್ತದೋ 140 ಗ್ರಾಂ ಬರುತ್ತದೋ ಒಮ್ಮೆ ಗೊತ್ತಾದರೆ ಮತ್ತೆ ತೂಗಬೇಕಿಲ್ಲ, ಸೌಟನ್ನೇ ಎಣಿಸಬಹುದು. ಜೀವನಪೂರ್ತಿ ಕ್ಯಾಲೊರಿ ಲೆಕ್ಕ ಹಾಕಿ ಬದುಕಬೇಕು ಎಂದು ನಾವು ಯಾರಿಗೂ ಹೇಳುವುದಿಲ್ಲ.

ಮೊದಲು ಕೈ ಹಾಕಬೇಕಾದದ್ದು ಎಣ್ಣೆ ಮತ್ತು ಸಿಹಿ ಪಾನೀಯಕ್ಕೆ

ಹಸಿವು ಹೆಚ್ಚದೆ, ತಟ್ಟೆ ಬರಿದಾಗದೆ ಕ್ಯಾಲೊರಿ ಇಳಿಯುವ ಜಾಗ ಇವೆರಡೇ. ಆದ್ದರಿಂದ ಅನ್ನವನ್ನೋ ಬ್ರೆಡ್ಡನ್ನೋ ಬಿಡುವ ಮೊದಲು ಇಲ್ಲಿ ನೋಡಿ.

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ. ಪ್ರೋಟೀನ್ ಮತ್ತು ಪಿಷ್ಟದಲ್ಲಿ 4. ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ. ಎಣ್ಣೆ ಸುಮಾರು 120 ಕ್ಯಾಲೊರಿ. ಯಾವ ಎಣ್ಣೆಯಾದರೂ ಅಷ್ಟೇ. ‘ಹೃದಯಕ್ಕೆ ಒಳ್ಳೆಯದು’ ಎಂದು ಬಾಟಲಿಯ ಮೇಲೆ ಬರೆದಿದ್ದರೆ ಕೊಬ್ಬಿನ ಗುಣ ಬೇರೆ ಇರಬಹುದು, ಕ್ಯಾಲೊರಿ ಬೇರೆ ಇರುವುದಿಲ್ಲ. 200 ಗ್ರಾಂ ತರಕಾರಿಯಲ್ಲಿ ಇರುವುದು ಐವತ್ತು ಅರವತ್ತು ಕ್ಯಾಲೊರಿ. ಅದನ್ನು ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಹುರಿದರೆ ಮುನ್ನೂರರ ಹತ್ತಿರ ಬರುತ್ತದೆ. ತಟ್ಟೆಯಲ್ಲಿ ಕಾಣುವುದು ಮಾತ್ರ ತರಕಾರಿಯೇ.

ಎಣ್ಣೆಯನ್ನು ಪ್ರತಿ ಅಡುಗೆಯಲ್ಲೂ ಅಳೆಯುವುದು ಯಾರಿಂದಲೂ ಬಹಳ ದಿನ ಆಗದು. ತಿಂಗಳ ಲೆಕ್ಕ ಸುಲಭ. ಮನೆಗೆ ತಂದ ಒಟ್ಟು ಎಣ್ಣೆ, ಬೆಣ್ಣೆ, ತುಪ್ಪವನ್ನು ಜನರ ಸಂಖ್ಯೆಯಿಂದಲೂ 30ರಿಂದಲೂ ಭಾಗಿಸಿ. ನಾಲ್ವರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ 33 ಮಿ.ಲೀ., ಅಂದರೆ ಸುಮಾರು 275 ಕ್ಯಾಲೊರಿ. ಅದನ್ನು ಎರಡೂವರೆ ಲೀಟರಿಗೆ ಇಳಿಸಿದರೆ 21 ಮಿ.ಲೀ., ಸುಮಾರು 170 ಕ್ಯಾಲೊರಿ. ಒಬ್ಬೊಬ್ಬರಿಗೂ ದಿನಕ್ಕೆ ನೂರು ಕ್ಯಾಲೊರಿ ಇಳಿಯಿತು, ಒಂದು ತುತ್ತೂ ಕಡಿಮೆ ತಿನ್ನಲಿಲ್ಲ.

ಇಳಿಸುವುದು ಹೇಗೆಂದರೆ, ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ನಿಲ್ಲಿಸಿ. ವಾರಕ್ಕೆ ಬೇಕಾದ ಎಣ್ಣೆಯನ್ನು ಸಣ್ಣ ಬಾಟಲಿಗೆ ತುಂಬಿ ಒಲೆಯ ಪಕ್ಕ ಇಡಿ, ಪಕ್ಕದಲ್ಲೇ ಒಂದು 5 ಮಿ.ಲೀ. ಚಮಚ ಇರಲಿ. ಬಾಟಲಿ ಬುಧವಾರವೇ ಖಾಲಿಯಾದರೆ ಎಲ್ಲಿ ಹೆಚ್ಚು ಹೋಗುತ್ತಿದೆ ಎಂಬುದು ಆ ವಾರವೇ ತಿಳಿಯುತ್ತದೆ. ಈರುಳ್ಳಿ, ತರಕಾರಿ ತಳ ಹಿಡಿಯತೊಡಗಿದಾಗ ಕೈ ತಾನಾಗಿ ಎಣ್ಣೆಯತ್ತ ಹೋಗುತ್ತದೆ. ಆಗ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಉರಿ ತಗ್ಗಿಸಿ. ದಪ್ಪ ತಳದ ಪಾತ್ರೆ ಇದ್ದರೆ ಕೆಲಸ ಅರ್ಧ ಹಗುರ. ಕರಿದ ತಿಂಡಿಯನ್ನು ಪೂರ್ತಿ ಬಿಡುವ ಶಪಥ ಬೇಡ, ಅದು ಮುರಿಯುವ ಶಪಥ. ವಾರಕ್ಕೆ ಒಂದು ಸಲ ಎಂದು ದಿನ ಗೊತ್ತುಮಾಡಿಕೊಳ್ಳಿ.

ಎಣ್ಣೆ ಪೂರ್ತಿ ನಿಲ್ಲಿಸುವುದೂ ತಪ್ಪು. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲು ಕೊಬ್ಬು ಬೇಕು, ರುಚಿಗೂ ಬೇಕು. ರುಚಿಯಿಲ್ಲದ ಊಟ ಹತ್ತು ದಿನ ನಡೆಯುತ್ತದೆ, ಹನ್ನೊಂದನೆಯ ದಿನ ಹೊರಗಿನಿಂದ ತರಿಸುತ್ತೀರಿ.

ಇನ್ನು ಸಿಹಿ ಪಾನೀಯ. ಕುಡಿದ ಕ್ಯಾಲೊರಿ ಹೊಟ್ಟೆ ತುಂಬಿಸುವುದಿಲ್ಲ. ಅಗಿದು ತಿಂದದ್ದಕ್ಕೆ ತಕ್ಕಂತೆ ಮುಂದಿನ ಊಟ ಅಷ್ಟಿಷ್ಟು ಕಡಿಮೆಯಾಗುತ್ತದೆ, ಕುಡಿದದ್ದಕ್ಕೆ ಹಾಗಾಗುವುದು ಬಹಳ ಕಡಿಮೆ. 330 ಮಿ.ಲೀ. ತಂಪು ಪಾನೀಯದ ಒಂದು ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ, 140 ಕ್ಯಾಲೊರಿ. ದಿನಕ್ಕೆ ನಾಲ್ಕು ಸಲ ಟೀ ಕುಡಿದು ಪ್ರತಿ ಸಲ ಎರಡು ಮಟ್ಟಸ ಚಮಚ ಸಕ್ಕರೆ ಹಾಕಿಕೊಂಡರೆ 32 ಗ್ರಾಂ. ಚಮಚ ತುಂಬಿ ಗೋಪುರವಾಗಿದ್ದರೆ ಇದರ ಒಂದೂವರೆ ಪಟ್ಟು. ದಿನಕ್ಕೆ 2,000 ಕ್ಯಾಲೊರಿ ಬೇಕಾಗುವವರು ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಬೆಲ್ಲ, ಹಣ್ಣಿನ ರಸ ಎಲ್ಲ ಸೇರಿ 50 ಗ್ರಾಂ ದಾಟಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಹಣ್ಣಿನ ರಸ ಈ ಲೆಕ್ಕದೊಳಗೆ ಬರುತ್ತದೆ, ಇಡೀ ಹಣ್ಣು ಬರುವುದಿಲ್ಲ ಎಂಬುದನ್ನು ಗಮನಿಸಿ. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ಹಣ್ಣು ಬೇಕು. ಲೋಟ ಅರ್ಧ ನಿಮಿಷದಲ್ಲಿ ಖಾಲಿ. ಮೂರು ಹಣ್ಣನ್ನು ಸುಲಿದು ತಿನ್ನಲು ಕೂತರೆ ಎರಡನೆಯದಕ್ಕೇ ಸಾಕೆನಿಸುತ್ತದೆ.

ಸಕ್ಕರೆಯನ್ನು ಒಮ್ಮೆಲೇ ನಿಲ್ಲಿಸುವವರಿಗಿಂತ ಹತ್ತು ದಿನಕ್ಕೊಮ್ಮೆ ಕಾಲು ಚಮಚದಂತೆ ಇಳಿಸುವವರು ಹೆಚ್ಚು ಕಾಲ ನಿಲ್ಲುತ್ತಾರೆ. ನಾಲಿಗೆ ಒಗ್ಗಿಕೊಳ್ಳುತ್ತದೆ, ಎರಡು ಮೂರು ತಿಂಗಳಾದ ಮೇಲೆ ಹಳೆಯ ಪ್ರಮಾಣದ ಟೀ ಕುಡಿದರೆ ವಿಪರೀತ ಸಿಹಿ ಅನ್ನಿಸುತ್ತದೆ. ಬೆಲ್ಲಕ್ಕೋ ಜೇನಿಗೋ ಬದಲಾಯಿಸಿದರೆ ತೂಕದ ಮಟ್ಟಿಗೆ ಏನೂ ಬದಲಾಗುವುದಿಲ್ಲ. ಮದ್ಯ ಕುಡಿಯುವವರು ಅದರ ಲೆಕ್ಕವನ್ನೂ ಹಿಡಿಯಬೇಕು: ಅದರಲ್ಲಿರುವ ಆಲ್ಕೋಹಾಲ್‌ನ ಪ್ರತಿ ಗ್ರಾಂಗೆ 7 ಕ್ಯಾಲೊರಿ, ಜೊತೆಗೆ ತಿನ್ನುವ ಕುರುಕಲು ಬೇರೆ.

ತಟ್ಟೆಯಲ್ಲಿ ಏನು ಎಷ್ಟು

ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಪ್ರೋಟೀನ್ ಇರುವ ಆಹಾರ, ಉಳಿದ ಕಾಲು ಧಾನ್ಯ. ಆಲೂಗಡ್ಡೆ, ಗೆಣಸು ಧಾನ್ಯದ ಕಾಲಿಗೆ ಸೇರುತ್ತವೆ, ತರಕಾರಿಯ ಅರ್ಧಕ್ಕಲ್ಲ. ಹೆಚ್ಚಿನ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ: ಧಾನ್ಯ ಮುಕ್ಕಾಲು, ತರಕಾರಿ ಅಂಚಿನಲ್ಲಿ ಒಂದಿಷ್ಟು.

ಒಂದೇ ದಿನದಲ್ಲಿ ತಿರುವಿಹಾಕಲು ಹೋಗಬೇಡಿ. ಮೊದಲ ಎರಡು ವಾರ ಧಾನ್ಯವನ್ನು ಮುಟ್ಟದೆ ತರಕಾರಿಯನ್ನಷ್ಟೇ ಹೆಚ್ಚಿಸಿ, ಮಧ್ಯಾಹ್ನ ಮತ್ತು ರಾತ್ರಿ ತಲಾ 150ರಿಂದ 200 ಗ್ರಾಂ ಬರುವವರೆಗೆ. ಊಟ ಶುರುವಾಗುವುದೂ ತರಕಾರಿಯಿಂದಲೇ ಆಗಲಿ. ಆಮೇಲೆ ಧಾನ್ಯದಲ್ಲಿ ಅರ್ಧ ಸೌಟು ಇಳಿಸಿ. ಈ ಕ್ರಮ ತಿರುಗುಮುರುಗಾದರೆ, ಮೊದಲೇ ಅನ್ನ ಕಡಿಮೆ ಮಾಡಿದರೆ, ಸಂಜೆ ಐದಕ್ಕೆ ಹಸಿವು ತಡೆಯಲಾಗದೆ ಕುರುಕಲು ಡಬ್ಬಿಗೆ ಕೈ ಹೋಗುತ್ತದೆ. ಉಳಿಸಿದ ನೂರು ಕ್ಯಾಲೊರಿಗೆ ಮುನ್ನೂರು ತೆರಬೇಕಾಗುತ್ತದೆ.

ತರಕಾರಿ, ಕಾಳು ಏಕಾಏಕಿ ಹೆಚ್ಚಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾಯು ತುಂಬುತ್ತದೆ. ಅನೇಕರು ‘ನನಗೆ ಇದು ಒಗ್ಗುವುದಿಲ್ಲ’ ಎಂದು ಬಿಡುವುದು ಇಲ್ಲೇ. ಕರುಳಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಕಾಳುಗಳನ್ನು ರಾತ್ರಿಯಿಡೀ ನೆನೆಸಿ, ನೆನೆಸಿದ ನೀರು ಚೆಲ್ಲಿ, ಮೆತ್ತಗೆ ಬೇಯಿಸಿ. ನಾರಿನ ಜೊತೆ ನೀರನ್ನೂ ಹೆಚ್ಚು ಕುಡಿಯಿರಿ. ಕೊನೆಗೆ ದಿನಕ್ಕೆ ನಾರು 25 ಗ್ರಾಂ, ಹಣ್ಣು–ತರಕಾರಿ ಸೇರಿ 400 ಗ್ರಾಂ ಮುಟ್ಟಿದರೆ ಸಾಕು.

ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಉಳಿಯಲು ಪ್ರೋಟೀನ್ ಬೇಕು, ತೂಕ ಇಳಿಯುವಾಗ ಸ್ನಾಯು ಕರಗದಿರಲೂ ಬೇಕು. ಸಾಮಾನ್ಯವಾಗಿ ತೂಕದ ಪ್ರತಿ ಕೆ.ಜಿ.ಗೆ 0.8 ಗ್ರಾಂ ಸಾಕು. ತೂಕ ಇಳಿಸುವವರು 1ರಿಂದ 1.2 ಗ್ರಾಂ ಇಟ್ಟುಕೊಂಡರೆ ಒಳ್ಳೆಯದು. 65 ಕೆ.ಜಿ. ಇದ್ದವರಿಗೆ ಅದು 65–78 ಗ್ರಾಂ. ಇದನ್ನು ಮೂರು ಊಟಕ್ಕೆ ಹಂಚಿದರೆ ಪ್ರತಿ ಊಟಕ್ಕೆ ಇಪ್ಪತ್ತು ಇಪ್ಪತ್ತೈದು ಗ್ರಾಂ. ಎಷ್ಟು ತಿಂದರೆ ಎಷ್ಟು ಸಿಗುತ್ತದೆ ನೋಡಿ: ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ (200 ಮಿ.ಲೀ.) ಹಾಲು ಅಥವಾ ಅಷ್ಟೇ ಮೊಸರಿನಲ್ಲಿ 6–7, ಬೇಯಿಸುವ ಮೊದಲು ತೂಗಿದ 30 ಗ್ರಾಂ ಬೇಳೆ–ಕಾಳಿನಲ್ಲಿ ಸುಮಾರು 7, 100 ಗ್ರಾಂ ಹಸಿ ಮೀನಿನಲ್ಲಿ 18–20. ಸಸ್ಯಾಹಾರಿಗಳು ಇಲ್ಲಿ ಎಡವುವುದು ನೀರು ನೀರಾದ ಬೇಳೆಯಿಂದ. ಬಟ್ಟಲು ತುಂಬ ಕಂಡರೂ ಅದರಲ್ಲಿ ಬೇಳೆ ಹತ್ತು ಗ್ರಾಂ ಇರುವುದಿಲ್ಲ. ಬೇಳೆ ಗಟ್ಟಿಯಾಗಿರಲಿ, ಅದೇ ಊಟಕ್ಕೆ ಮೊಸರೋ ಇಡೀ ಕಾಳೋ ಜೊತೆಯಾಗಲಿ.

ಪಿಷ್ಟವೆಲ್ಲ ಶತ್ರು ಎಂದು ನಂಬಿದವರಿಗೆ ಒಂದು ಮಾತು. 1995ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಜೊತೆಗಾರರು 38 ಬಗೆಯ ಆಹಾರವನ್ನು ಒಂದೇ ಕ್ಯಾಲೊರಿ ಪ್ರಮಾಣದಲ್ಲಿ ಕೊಟ್ಟು, ಎರಡು ಗಂಟೆಯವರೆಗೆ ಯಾವುದು ಹೊಟ್ಟೆ ತುಂಬಿಸುತ್ತದೆ ಎಂದು ಹೋಲಿಸಿದರು. ಮೊದಲ ಸ್ಥಾನ ಬಂದದ್ದು ಬೇಯಿಸಿದ ಆಲೂಗಡ್ಡೆಗೆ, ಬಿಳಿ ಬ್ರೆಡ್ಡಿನ ಮೂರು ಪಟ್ಟಿಗಿಂತ ಹೆಚ್ಚು. ಕೊನೆಯ ಸ್ಥಾನ ಕ್ರೋಸಾಂ ಎಂಬ, ಬೆಣ್ಣೆ ತುಂಬಿದ ಪದರು ಪದರಾದ ಬನ್ನಿಗೆ. ನೀರು ಮತ್ತು ನಾರು ಹೆಚ್ಚಿರುವ, ಅಗಿದು ತಿನ್ನಬೇಕಾದ ಆಹಾರ ಹೊಟ್ಟೆ ತುಂಬಿಸುತ್ತದೆ. ಕೊಬ್ಬು–ಸಕ್ಕರೆ–ಹಿಟ್ಟು ಬೆರೆತು ಬಾಯಲ್ಲಿ ಕರಗುವಂಥದ್ದು ತುಂಬಿಸುವುದಿಲ್ಲ. ಆಲೂಗಡ್ಡೆಯ ಹೆಸರು ಕೆಟ್ಟದ್ದು ಎಣ್ಣೆಯ ಸಹವಾಸದಿಂದ.

ತಿನ್ನುವ ವೇಗ, ಹೊತ್ತು

ಹೊಟ್ಟೆ ತುಂಬಿತೆಂಬ ಸೂಚನೆ ಮಿದುಳಿಗೆ ಪೂರ್ತಿ ತಲುಪಲು ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಏಳೇ ನಿಮಿಷದಲ್ಲಿ ತಟ್ಟೆ ಖಾಲಿ ಮಾಡುವವರು ಸೂಚನೆ ಬರುವ ಮೊದಲೇ ಎರಡನೆಯ ಸಲ ಬಡಿಸಿಕೊಂಡಿರುತ್ತಾರೆ. ‘ನಿಧಾನವಾಗಿ ತಿನ್ನು’ ಎಂದು ತಮಗೆ ತಾವೇ ಹೇಳಿಕೊಂಡರೆ ಎರಡು ತುತ್ತಿನ ಮೇಲೆ ಮರೆತುಹೋಗುತ್ತದೆ. ಅದರ ಬದಲು ತುತ್ತು ಚಿಕ್ಕದು ಮಾಡಿ, ಬಾಯಲ್ಲಿರುವುದು ನುಂಗುವವರೆಗೆ ಮುಂದಿನ ತುತ್ತು ಕಲಸಬೇಡಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಪಾತ್ರೆಗಳು ಊಟದ ಮೇಜಿನ ಮೇಲಿರದೆ ಒಲೆಯ ಹತ್ತಿರವೇ ಇರಲಿ. ಇನ್ನೊಂದು ಸೌಟಿಗೆ ಎದ್ದು ಹೋಗಬೇಕು ಅಂದರೆ ಬೇಕೋ ಬೇಡವೋ ಎಂದು ಯೋಚಿಸಲು ಬಿಡುವು ಸಿಗುತ್ತದೆ.

ಊಟದ ಹೊತ್ತಿನ ಬಗ್ಗೆ ವಾದಗಳು ಬಹಳ. ಬೆಳಗಿನ ತಿಂಡಿ ಬಿಡಬಹುದೇ, ಹದಿನಾರು ಗಂಟೆ ಉಪವಾಸ ಒಳ್ಳೆಯದೇ ಎಂದು ಕೇಳುತ್ತಾರೆ. ಒಟ್ಟು ಕ್ಯಾಲೊರಿ ಸಮ ಇದ್ದರೆ ತೂಕದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ನಿಮ್ಮ ದಿನಚರಿಗೆ ಹೊಂದುವುದನ್ನು ಆರಿಸಿ, ಆದರೆ ದಿನಾ ಅದೇ ಹೊತ್ತು ಇರಲಿ. ತಿಂಡಿ ಬಿಟ್ಟವರು ಮಧ್ಯಾಹ್ನ ಒಂದೂವರೆ ಪಟ್ಟು ಉಣ್ಣುತ್ತಿದ್ದರೆ ಆ ಕ್ರಮ ಅವರಿಗಲ್ಲ. ರಾತ್ರಿ ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರ ಬಿಟ್ಟರೆ ಎದೆಯುರಿ ತಪ್ಪುತ್ತದೆ, ಊಟದ ಮೇಲಿನ ಕುರುಕಲೂ ಕಡಿಮೆಯಾಗುತ್ತದೆ.

ಪೊಟ್ಟಣದ ತಿಂಡಿ

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ತಂಡದವರು 20 ಜನರನ್ನು ಅಲ್ಲೇ ಉಳಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ತಾಜಾ ಪದಾರ್ಥಗಳ ಅಡುಗೆ ಕೊಟ್ಟರು. ಎರಡರಲ್ಲೂ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮನಾಗಿತ್ತು. ಬೇಕಾದಷ್ಟು ತಿನ್ನಿ ಎಂದಿದ್ದರು. ಕಾರ್ಖಾನೆಯ ಆಹಾರದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಸುಮಾರು 0.9 ಕೆ.ಜಿ. ಏರಿದರು. ತಾಜಾ ಅಡುಗೆಯಲ್ಲಿ ಅಷ್ಟೇ ಇಳಿದರು. ಕಾರ್ಖಾನೆಯ ಆಹಾರವನ್ನು ಅವರು ಬೇಗ ಬೇಗ ತಿಂದದ್ದೂ ಕಂಡುಬಂತು.

ಆದ್ದರಿಂದ ಮನೆಯಲ್ಲಿ ಏನಿರುತ್ತದೆ ಎಂಬುದು ಮನಸ್ಸಿನ ದೃಢತೆಗಿಂತ ದೊಡ್ಡ ವಿಷಯ. ಸಾಮಾನು ತರುವಾಗ ಹೊಟ್ಟೆ ತುಂಬಿರಲಿ, ಕೈಯಲ್ಲಿ ಪಟ್ಟಿ ಇರಲಿ. ದೊಡ್ಡ ಪೊಟ್ಟಣ ಅಗ್ಗ ಎಂದು ತರುವ ಬದಲು ಸಣ್ಣದೊಂದನ್ನು ತನ್ನಿ. ತಂದದ್ದನ್ನು ಪೊಟ್ಟಣದಿಂದಲೇ ತಿನ್ನದೆ ಬಟ್ಟಲಿಗೆ ಸುರಿದುಕೊಂಡು ಪೊಟ್ಟಣ ಒಳಗಿಡಿ. ತೊಳೆದ ಹಣ್ಣು ಕಣ್ಣಿಗೆ ಬೀಳುವಲ್ಲಿರಲಿ.

ಲೇಬಲ್ ಓದುವಾಗ ಮೂರು ಕಡೆ ಕಣ್ಣು ಹಾಯಿಸಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ, ಗ್ಲೂಕೋಸ್ ಸಿರಪ್ ಅಥವಾ ಎಣ್ಣೆ ಇದ್ದರೆ ಮುಂಬದಿಯಲ್ಲಿ ಎಷ್ಟೇ ಧಾನ್ಯದ ಚಿತ್ರ ಹಾಕಿದ್ದರೂ ಅದು ಸಿಹಿತಿಂಡಿಯೇ. ಕ್ಯಾಲೊರಿ ‘ಒಂದು ಸರ್ವಿಂಗ್’ಗೆ (ತಯಾರಕರು ಒಂದು ಸಲಕ್ಕೆ ಇಷ್ಟು ಎಂದು ಹಿಡಿದ ಪ್ರಮಾಣಕ್ಕೆ) ಕೊಟ್ಟಿದ್ದಾರೋ 100 ಗ್ರಾಂಗೆ ಕೊಟ್ಟಿದ್ದಾರೋ ನೋಡಿ, ಒಬ್ಬರೇ ತಿಂದು ಮುಗಿಸುವ ಪೊಟ್ಟಣದಲ್ಲಿ ಮೂರು ಸರ್ವಿಂಗ್ ಇರುವುದುಂಟು. ‘ಕೊಬ್ಬು ಕಡಿಮೆ’ ಎಂದಿದ್ದರೆ ಸಕ್ಕರೆಯನ್ನೂ, ‘ಸಕ್ಕರೆ ಸೇರಿಸಿಲ್ಲ’ ಎಂದಿದ್ದರೆ ಕೊಬ್ಬನ್ನೂ ಒಮ್ಮೆ ಪರೀಕ್ಷಿಸಿ.

ತಕ್ಕಡಿಯ ಮಾತು ಹೇಗೆ ಕೇಳಬೇಕು

ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಕುಡಿಯುವ ಮೊದಲು, ಒಂದೇ ಬಗೆಯ ಹಗುರ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟ ತಕ್ಕಡಿಯಲ್ಲಿ ತೂಗಿ. ಒಂದೇ ದಿನದ ಅಂಕಿಗೆ ಬೆಲೆ ಕೊಡಬೇಡಿ. ವಾರದಲ್ಲಿ ಮೂರು ನಾಲ್ಕು ದಿನ ತೂಗಿ ಸರಾಸರಿ ತೆಗೆದು, ಹಿಂದಿನ ವಾರದ ಸರಾಸರಿಯೊಡನೆ ಹೋಲಿಸಿ.

ಒಂದೇ ದಿನದಲ್ಲಿ ಒಂದರಿಂದ ಎರಡು ಕೆ.ಜಿ. ಏರಿಳಿತ ಸಹಜ, ಅದು ನೀರು. ಹಿಂದಿನ ರಾತ್ರಿ ಉಪ್ಪು ಹೆಚ್ಚಿದ್ದರೆ, ಮಲಬದ್ಧತೆ ಇದ್ದರೆ, ಮುಟ್ಟಿನ ಮುಂಚಿನ ದಿನಗಳಾಗಿದ್ದರೆ, ಹೊಸ ವ್ಯಾಯಾಮದಿಂದ ಮೈಕೈ ನೋಯುತ್ತಿದ್ದರೆ ತೂಕ ಏರಿ ಕಾಣುತ್ತದೆ. ಒಂದು ಕೆ.ಜಿ. ಕೊಬ್ಬು ಮೈಗೆ ಸೇರಬೇಕಾದರೆ ಬೇಕಾದದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿಂದಿರಬೇಕು. ಒಂದು ಊಟದಲ್ಲಿ ಅದು ಆಗುವ ಮಾತಲ್ಲ. ಇದೇ ಕಾರಣಕ್ಕೆ ಮೊದಲ ವಾರದ ದೊಡ್ಡ ಇಳಿಕೆಯನ್ನೂ ನಂಬಬೇಡಿ. ದೇಹ ಪಿಷ್ಟವನ್ನು ಕೂಡಿಡುವ ರೂಪವಾದ ಗ್ಲೈಕೋಜನ್‌ನ ಸಂಗ್ರಹ ಖಾಲಿಯಾಗುವಾಗ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಹೊರಹೋಗುತ್ತದೆ. ಅನ್ನ ಬಿಟ್ಟ ಮೂರೇ ದಿನಕ್ಕೆ ಎರಡು ಕೆ.ಜಿ. ಇಳಿಯುವುದು, ತಿಂದ ಕೂಡಲೇ ಮರಳುವುದು ಹೀಗೆ.

ಕೆಲವು ತಿಂಗಳಾದ ಮೇಲೆ ಇಳಿಕೆ ನಿಲ್ಲುವುದುಂಟು. ಮೈ ಹಗುರಾದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ: ಇಳಿದ ಪ್ರತಿ ಕೆ.ಜಿ.ಗೆ ದಿನಕ್ಕೆ ಇಪ್ಪತ್ತು ಮೂವತ್ತು ಕ್ಯಾಲೊರಿಯಷ್ಟು. ಐದು ಕೆ.ಜಿ. ಇಳಿಯುವಷ್ಟರಲ್ಲಿ ನೂರು ನೂರೈವತ್ತರ ಉಳಿತಾಯ ತಾನಾಗಿ ಕರಗಿರುತ್ತದೆ. ಜೊತೆಗೆ ಹಸಿವೂ ಹೆಚ್ಚಿರುತ್ತದೆ, ಸೌಟೂ ಮೆಲ್ಲಗೆ ದೊಡ್ಡದಾಗಿರುತ್ತದೆ. ಮೂರು ವಾರದ ಸರಾಸರಿ ಅಲುಗಾಡದಿದ್ದರೆ ಮಾತ್ರ ಏನಾದರೂ ಮಾಡಿ. ಮೊದಲು ಸೊಂಟ ಅಳೆಯಿರಿ, ಅದು ಇಳಿಯುತ್ತಿದ್ದರೆ ಕೈ ಹಾಕಬೇಡಿ. ಅದೂ ನಿಂತಿದ್ದರೆ ಇನ್ನೊಂದು ವಾರ ಎಲ್ಲ ಬರೆದಿಡಿ, ಎಣ್ಣೆಯ ಬಾಟಲಿ ನೋಡಿ, ಸೌಟು ಮತ್ತೆ ತೂಗಿ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ದಿನಕ್ಕೆ ನೂರರಿಂದ ನೂರೈವತ್ತು ಕ್ಯಾಲೊರಿ ಇಳಿಸಿ ಅಥವಾ ಅರ್ಧ ಗಂಟೆ ನಡಿಗೆ ಸೇರಿಸಿ. ವೈದ್ಯರ ನಿಗಾ ಇಲ್ಲದೆ ಹೆಂಗಸರು 1,200, ಗಂಡಸರು 1,500 ಕ್ಯಾಲೊರಿಗಿಂತ ಕೆಳಗಿಳಿಯಬಾರದು.

ನಿದ್ದೆ, ನಡಿಗೆ

ನಿದ್ದೆಗೆಟ್ಟವರಿಗೆ ಹಸಿವು ಹೆಚ್ಚು, ಅದರಲ್ಲೂ ಸಿಹಿ–ಕರಿದದ್ದರ ಮೇಲೆ ಆಸೆ ಹೆಚ್ಚು. ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಹೆಚ್ಚಿದ್ದ 80 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಿದ್ದೆಯನ್ನು ಸುಮಾರು ಒಂದು ಗಂಟೆ ಹನ್ನೆರಡು ನಿಮಿಷ ಹೆಚ್ಚಿಸಿಕೊಂಡವರು, ಪಥ್ಯದ ಯಾವ ಸೂಚನೆಯೂ ಇಲ್ಲದೆ, ಹಳೆಯಂತೆ ಮಲಗಿದವರಿಗಿಂತ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ರಾತ್ರಿ ಹನ್ನೊಂದರ ಮೇಲೆ ತಿನ್ನುವ ಅಭ್ಯಾಸ ಇದ್ದರೆ ಅದರ ಮದ್ದು ಅಡುಗೆಮನೆಯಲ್ಲಿಲ್ಲ, ಬೇಗ ದೀಪ ಆರಿಸುವುದರಲ್ಲಿದೆ.

ವ್ಯಾಯಾಮವೊಂದರಿಂದಲೇ ತೂಕ ಇಳಿಸುವುದು ಕಷ್ಟ. 70 ಕೆ.ಜಿ. ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 250 ಕ್ಯಾಲೊರಿ. ಎರಡು ಸಿಹಿತುಂಡಿನಲ್ಲಿ ಅದು ಮರಳಿ ಬರುತ್ತದೆ. ಇಳಿದದ್ದನ್ನು ಉಳಿಸಿಕೊಳ್ಳಲು ಮಾತ್ರ ನಡಿಗೆ ಬೇಕೇ ಬೇಕು. ವಾರಕ್ಕೆ 150ರಿಂದ 300 ನಿಮಿಷ, ಜೊತೆಗೆ ಎರಡು ದಿನ ಭಾರ ಎತ್ತುವ ಅಥವಾ ಮೈಯ ಭಾರವನ್ನೇ ಬಳಸುವ ವ್ಯಾಯಾಮ.

ತೂಕ ಕಡಿಮೆ ಇದ್ದವರಿಗೆ

ಬಿಎಂಐ 18.5ಕ್ಕಿಂತ ಕೆಳಗಿದ್ದರೆ ಏರಿಸುವುದೇ ಆರೋಗ್ಯ. ಹೊಟ್ಟೆ ಬಿರಿಯ ತಿನ್ನಬೇಕಿಲ್ಲ. ಇದ್ದ ಊಟಕ್ಕೇ ಬೀಜ, ಎಣ್ಣೆ, ಹಾಲು, ಮೊಟ್ಟೆ ಸೇರಿಸಿ ದಿನಕ್ಕೆ 300–500 ಕ್ಯಾಲೊರಿ ಹೆಚ್ಚಿಸಿ, ಊಟವನ್ನು ಐದು ಸಲಕ್ಕೆ ಹಂಚಿ, ಭಾರ ಎತ್ತುವ ವ್ಯಾಯಾಮ ಮಾಡಿ. ಪ್ರಯತ್ನವೇ ಇಲ್ಲದೆ ಆರು ತಿಂಗಳಿಂದ ಒಂದು ವರ್ಷದಲ್ಲಿ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ಅದು ಸಂತೋಷದ ಸುದ್ದಿಯಲ್ಲ; ತಡಮಾಡದೆ ವೈದ್ಯರನ್ನು ಕಾಣಿ.

ಗುರಿ ಮುಟ್ಟಿದ ಮೇಲೆ

ಹೆಚ್ಚಿನವರು ಜಾರುವುದು ಇಲ್ಲಿ. ‘ಮುಗಿಯಿತು’ ಎಂದು ಹಳೆಯ ತಟ್ಟೆಗೆ ಮರಳುತ್ತಾರೆ, ಆದರೆ ಹಳೆಯ ತಟ್ಟೆ ಹಳೆಯ ತೂಕದ ದೇಹಕ್ಕೆ ಸರಿಹೊಂದುತ್ತಿದ್ದದ್ದು. ದಿನಕ್ಕೆ ನೂರು ಕ್ಯಾಲೊರಿಯಷ್ಟು ಮಾತ್ರ ಸೇರಿಸಿ, ಎರಡು ವಾರ ಸರಾಸರಿ ನೋಡಿ, ಇನ್ನೂ ಇಳಿಯುತ್ತಿದ್ದರೆ ಮತ್ತೆ ನೂರು ಸೇರಿಸಿ. ತೂಕ ನಿಂತಲ್ಲಿ ನೀವೂ ನಿಲ್ಲಿ. ಸೇರಿಸುವುದು ಧಾನ್ಯ, ಕಾಳು, ಹಣ್ಣು, ಬೀಜಗಳಾಗಿರಲಿ.

ಅಮೆರಿಕದಲ್ಲಿ 1994ರಲ್ಲಿ ಶುರುವಾದ ರಾಷ್ಟ್ರೀಯ ತೂಕ ನಿಯಂತ್ರಣ ದಾಖಲೆಯಲ್ಲಿ, ಕನಿಷ್ಠ 13.6 ಕೆ.ಜಿ. ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರ ವಿವರ ಸೇರಿದೆ. ಅವರು ಇಳಿಸಿದ ದಾರಿ ಒಬ್ಬೊಬ್ಬರದು ಒಂದೊಂದು. ಉಳಿಸಿಕೊಂಡ ದಾರಿಯಲ್ಲಿ ಹೋಲಿಕೆ ಕಾಣುತ್ತದೆ: ಮುಕ್ಕಾಲು ಪಾಲು ಜನ ವಾರಕ್ಕೊಮ್ಮೆಯಾದರೂ ತೂಗುತ್ತಾರೆ, ಹೆಚ್ಚಿನವರು ಬೆಳಗಿನ ತಿಂಡಿ ತಿನ್ನುತ್ತಾರೆ, ಹತ್ತರಲ್ಲಿ ಒಂಬತ್ತು ಮಂದಿ ಸರಾಸರಿ ದಿನಕ್ಕೆ ಒಂದು ಗಂಟೆ ಮೈ ದಣಿಸುತ್ತಾರೆ.

ಮದುವೆ, ಪ್ರವಾಸ, ಔತಣ ಬಂದಾಗ ಕೂತು ಊಟ ಮಾಡಿ, ಇಷ್ಟವಾದದ್ದನ್ನು ತಿನ್ನಿ. ಮರುದಿನ ಉಪವಾಸ ಮಾಡಿ ಸರಿದೂಗಿಸಲು ಹೋಗಬೇಡಿ, ಅದು ಅದರ ಮರುದಿನದ ಅತಿಯೂಟಕ್ಕೆ ದಾರಿ. ಮುಂದಿನ ಊಟದಿಂದಲೇ ಮಾಮೂಲಿ ತಟ್ಟೆಗೆ ಬಂದರೆ ಸಾಕು. ಗುರಿಯ ತೂಕದ ಮೇಲೆ ಎರಡು ಕೆ.ಜಿ.ಗೆ ಒಂದು ಗೆರೆ ಹಾಕಿಕೊಳ್ಳಿ. ವಾರದ ಸರಾಸರಿ ಆ ಗೆರೆ ದಾಟಿದ ವಾರವೇ ಬರೆಯುವ ಪುಸ್ತಕ ತೆಗೆದು, ಎಣ್ಣೆ, ಪಾನೀಯ, ಸೌಟು, ಸಂಜೆಯ ಕುರುಕಲು ಈ ನಾಲ್ಕನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿ. ಎರಡು ಕೆ.ಜಿ.ಯನ್ನು ಆರರಿಂದ ಎಂಟು ವಾರದಲ್ಲಿ ಇಳಿಸಬಹುದು, ಎಂಟು ಕೆ.ಜಿ.ಗೆ ಬೆಳೆಯಲು ಬಿಟ್ಟರೆ ಒಂದು ವರ್ಷವೇ ಬೇಕಾದೀತು.